ಥಾರ್ ಮರುಭೂಮಿ ಜೀಪ್ ಪ್ರವಾಸ: ಸಮ್ ಬೇಡ, ಖುರಿ ಕೇಳಿ

ವಿಜಯಪುರದ ಒಂದು ಟ್ರಾವೆಲ್ಸ್‌ನವರ ಮೂಲಕ ಮನೆಯವರೆಲ್ಲ ಜೈಸಲ್ಮೇರ್‌ಗೆ ಹೋಗಿ ಬಂದೆವು. ಫೋರ್ ವೀಲ್ ಡ್ರೈವ್ ಜೀಪ್ ಚೆನ್ನಾಗಿತ್ತು, ಡ್ರೈವರ್ ಅಂತೂ ಅಪ್ಪಟ ಚಿನ್ನ. ಮರಳಿಗೆ ಇಳಿಯುವ ಮೊದಲು ಟೈರಿನ ಗಾಳಿ ಇಳಿಸಿದರು. ಟೈರು ಅಗಲವಾಗಿ ಕೂತರೆ ಮರಳಿನಲ್ಲಿ ಹೂತುಕೊಳ್ಳುವುದು ಕಡಿಮೆ, ವಾಪಸ್ ಡಾಂಬರಿಗೆ ಬಂದಕೂಡಲೇ ಮತ್ತೆ ತುಂಬಿಸಬೇಕು ಅಂತ ಮಕ್ಕಳಿಗೂ ತಿಳಿಯುವ ಹಾಗೆ ಹೇಳಿಕೊಟ್ಟರು.

ಬೇಸರ ಒಂದೇ, ರೂಟ್ ಆರಿಸುವಾಗ ಈ ಟ್ರಾವೆಲ್ಸ್‌ನವರು ಎಲ್ಲರನ್ನೂ ಸಮ್ ಅನ್ನುವ ಹಳ್ಳಿಯ ಮರಳು ದಿಬ್ಬಗಳ ಕಡೆಗೇ ತಳ್ಳುತ್ತಾರೆ. ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ., ಹತ್ತಿರವೇನೋ ಹೌದು, ಆದರೆ ಸಂಜೆ ಜನವೋ ಜನ, ಸಾಲು ಸಾಲು ಜೀಪು, ಜೋರು ಹಾಡು. ನೀವು ಹಟ ಹಿಡಿದು ಖುರಿ ಕೇಳಿ. ಗದ್ದಲ ಕಡಿಮೆ, ಹಳ್ಳಿಯ ಪಕ್ಕದಲ್ಲೇ ದಿಬ್ಬಗಳು, ನೋಡಿದಷ್ಟೂ ಸಾಲದು.

ಪಾಕಿಸ್ತಾನ ಗಡಿ ಹತ್ತಿರದ ತನೋಟ್, ಲೋಂಗೆವಾಲಾ ಕಡೆಗೆ ಜೀಪಿನ ದುಡ್ಡು ಸುಮ್ನೆ ದಂಡ, ಅಲ್ಲಿಗೆ ಡಾಂಬರು ರಸ್ತೆಯೇ ಇದೆ, ಮಾಮೂಲಿ ಕಾರು ಸಾಕು. 1971ರ ಯುದ್ಧ ನಡೆದ ಲೋಂಗೆವಾಲಾ ಮಾತ್ರ ತಪ್ಪಿಸಬೇಡಿ.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ನಮ್ಮೂರ ಬಿಸಿಲು ಉಂಡವರಿಗೂ ಅಲ್ಲಿಯ ಮೇ ತಿಂಗಳು ಕಷ್ಟ. ನೀರು ಜಾಸ್ತಿ ಇಟ್ಟುಕೊಳ್ಳಿ, ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ.