ಪೀಣ್ಯವೋ, ಬೊಮ್ಮಸಂದ್ರವೋ: ಸಣ್ಣ ವರ್ಕ್‌ಶಾಪ್‌ಗೆ ಯಾವುದು?

ಬೆಂಗಳೂರಿನ ಈ ಎರಡು ಕೈಗಾರಿಕಾ ಪ್ರದೇಶಗಳಲ್ಲಿ, ಲೋಹವನ್ನು ಕತ್ತರಿಸಿ ರೂಪ ಕೊಡುವ ಲೇತ್, ಮಿಲ್ಲಿಂಗ್ ಕೆಲಸವಾದರೆ ನನ್ನ ಮತ ಪೀಣ್ಯಕ್ಕೆ. 1970ರ ದಶಕದ ಕೊನೆಯಿಂದ ಬೆಳೆದು ಬಂದ ಈ ಪ್ರದೇಶದಲ್ಲಿ ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ ಹದಗೊಳಿಸುವುದು), ಪ್ಲೇಟಿಂಗ್ (ಲೋಹದ ಲೇಪನ), ಟೂಲ್ ರೂಮ್ (ಅಚ್ಚು, ಉಪಕರಣ ಮಾಡುವಲ್ಲಿ) ಎಲ್ಲವೂ ಕೂಗಳತೆಯಲ್ಲಿವೆ. ಒಂದು ಆರ್ಡರ್‌ಗೆ ಬೇಕಾದ ನಾಲ್ಕು ಕೈಗಳು ಒಂದೇ ಬೀದಿಯಲ್ಲಿ ಸಿಗುತ್ತವೆ. ಬೇರೆಡೆ ಈ ನಂಟು ಕಟ್ಟಲು ವರ್ಷಗಳೇ ಬೇಕು. ಆದರೆ ಬೆಳವಣಿಗೆಯ ಗಾಯವೂ ಇಲ್ಲೇ ಇದೆ. ಅಂತರ್ಜಲಕ್ಕೆ ಕ್ರೋಮಿಯಂ ಎಂಬ ಹಾನಿಕಾರಕ ಲೋಹ ಸೇರಿದೆ. ಬೋರ್‌ವೆಲ್ ನೀರು ಪರೀಕ್ಷಿಸದೆ ಬಾಡಿಗೆ ಕರಾರಿಗೆ ಸಹಿ ಹಾಕಲೇಬೇಡಿ.

ಬೊಮ್ಮಸಂದ್ರ ಇರುವುದು ಹೊಸೂರು ರಸ್ತೆಯಲ್ಲಿ. ಬಯೋಕಾನ್‌ನಂಥ ಔಷಧ ಕಂಪನಿಗಳು ಇಲ್ಲಿವೆ, ಹೊಸೂರಿನ ವಾಹನ ಕಾರ್ಖಾನೆಗಳೂ ಹತ್ತಿರ. ನಿಮ್ಮ ಗಿರಾಕಿಗಳು ಅವರೇ ಆದರೆ ಇದೇ ಸರಿ.

ಕಾರ್ಮಿಕರ ಓಡಾಟವನ್ನೂ ನೋಡಿ: ಪೀಣ್ಯಕ್ಕೆ ಮೆಟ್ರೊ 2014ರಲ್ಲೇ ಬಂತು, ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ.