ಸಮೀರ್ ಆಪ್: ಹೆಬ್ಬಾಳದ ಗಾಳಿ ನೋಡಿಕೊಳ್ಳಲು

ಮೈಸೂರಿನ ಹೆಬ್ಬಾಳದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಚಳಿಗಾಲ ಬಂದರೆ ಇನ್‌ಹೇಲರ್ ಕೇಳಿಕೊಂಡು ಬರುವವರು ಜಾಸ್ತಿ. ಅವರಿಗೋಸ್ಕರವೇ ಸಮೀರ್ ಆಪ್ ಹಾಕಿಕೊಂಡೆ. ಈಗ ದಿನಾ ಸಂಜೆ ಅದರಲ್ಲಿ ಬರುವ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ನಂಬರನ್ನು ಅಂಗಡಿ ಮುಂದಿನ ಬೋರ್ಡ್ ಮೇಲೆ ಬರೆಯುತ್ತೇನೆ.

ಆಪ್ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು, ದುಡ್ಡು ಕೊಡಬೇಕಾಗಿಲ್ಲ. ಹೆಬ್ಬಾಳ 1ನೇ ಹಂತದಲ್ಲಿ ರಾಜ್ಯ ಮಂಡಳಿಯ ಅಳತೆ ಕೇಂದ್ರವಿದೆ. ಅದರ ಲೆಕ್ಕವೇ ಇಲ್ಲಿ ಸಿಗುವುದು.

ನನಗೆ ತುಂಬಾ ಹಿಡಿಸಿದ್ದು ಬಣ್ಣ. 50ರ ಒಳಗಿದ್ದರೆ ಹಸಿರು, 100ರವರೆಗೆ ತಿಳಿಹಸಿರು, 200ರವರೆಗೆ ಹಳದಿ, ಅದು ದಾಟಿದರೆ ಕಿತ್ತಳೆ, ಆಮೇಲೆ ಕೆಂಪು. ನಾನೂ ಅದೇ ಬಣ್ಣದ ಚಾಕ್‌ಪೀಸ್‌ನಲ್ಲಿ ಬರೆಯುತ್ತೇನೆ. ಪಕ್ಕದ ಬೀದಿಯ ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಬಂದು ಕೇಳುತ್ತಾರೆ: "ಏನಪ್ಪಾ, ಇವತ್ತು ಹಳದಿ ಹಾಕಿದ್ದೀಯಲ್ಲ, ಕೆರೆ ಕಡೆ ಹೋಗ್ಲೋ ಬೇಡ್ವೋ?" ಹಳದಿ ಅಂದರೆ ಉಬ್ಬಸ, ಹೃದಯದ ತೊಂದರೆ ಇರುವವರಿಗೆ ಸ್ವಲ್ಪ ಕಷ್ಟ. "ನಿಧಾನಕ್ಕೆ ಹೋಗಿ ಬನ್ನಿ ಅಜ್ಜಿ, ಇನ್‌ಹೇಲರ್ ಜೊತೇಲಿರಲಿ" ಎನ್ನುತ್ತೇನೆ. ಫೋನ್ ಮುಟ್ಟದವರಿಗೂ ಈ ವಿಷಯ ತಲುಪಬೇಕು ಅಲ್ವಾ?

ಯಾವುದರಿಂದ ನಂಬರ್ ಏರಿದೆ ಅಂತಲೂ ಆಪ್ ಹೇಳುತ್ತದೆ. ಪಿಎಂ10 ಅಂತಿದ್ದರೆ ಹೆಚ್ಚಾಗಿ ರಸ್ತೆ, ಕಟ್ಟಡ ಕೆಲಸದ ಧೂಳು. ಪಿಎಂ2.5 ಅಂದರೆ ಇನ್ನೂ ಸಣ್ಣ ಕಣ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಹೊಗೆಯಲ್ಲಿ ಜಾಸ್ತಿ ಇರುವುದು ಇದೇ.

ಒಂದು ಮಾತ್ರ ಗೊತ್ತಿರಲಿ. ಧೂಳಿನ ಲೆಕ್ಕ ಹಿಂದಿನ 24 ಗಂಟೆಯ ಸರಾಸರಿ. ದೀಪಾವಳಿ ರಾತ್ರಿಯ ಪಟಾಕಿ ಹೊಗೆ ಮಾರನೇ ದಿನದ ನಂಬರಿನಲ್ಲೂ ಉಳಿದಿರುತ್ತದೆ. ಬೆಳಿಗ್ಗೆ ಯಾರೋ ಮೂಲೆಯಲ್ಲಿ ಕಸಕ್ಕೆ ಬೆಂಕಿ ಹಚ್ಚಿದರೆ ಬೋರ್ಡ್ ಮಾತ್ರ ಹಸಿರಾಗೇ ಇರಬಹುದು. ಅಂಥ ಹೊತ್ತಲ್ಲಿ ನಂಬರ್ ನೋಡಬೇಡಿ, ಕಿಟಕಿ ಮುಚ್ಚಿ. ಇನ್ನೊಂದು, ಕನಿಷ್ಠ 16 ಗಂಟೆಯ ಮಾಹಿತಿ ಇಲ್ಲದಿದ್ದರೆ ಎಕ್ಯೂಐ ಲೆಕ್ಕ ಹಾಕುವುದಿಲ್ಲ. ಅವತ್ತು ನಾನೂ ಬೋರ್ಡ್ ಖಾಲಿ ಬಿಡುತ್ತೇನೆ. ಸುಮ್ನೆ ನಿನ್ನೆಯದನ್ನೇ ಉಳಿಸಿದರೆ ನಂಬಿ ಹೊರಟವರಿಗೆ ಮೋಸ.

ಹೆಬ್ಬಾಳ, ಮೇಟಗಳ್ಳಿ, ವಿಜಯನಗರದವರು ಖಂಡಿತ ಹಾಕಿಕೊಳ್ಳಿ. ಚಾಮುಂಡಿಪುರಂ, ಜೆ.ಪಿ. ನಗರದವರಿಗೆ ಹೆಬ್ಬಾಳದ ನಂಬರ್ ಒಂದು ಅಂದಾಜು ಅಷ್ಟೇ. ಆ ಕಡೆಗೂ ಒಂದು ಕೇಂದ್ರ ಬೇಕೇ ಬೇಕು.