ಸಮುದ್ರದ ಪ್ರವಾಹಕ್ಕೆ ಮೂರು ಡೇಟಾ: ನಾನು ಹಾಕಿ ನೋಡಿದ್ದು

ಎಂಎಸ್ಸಿ ಪ್ರಾಜೆಕ್ಟಿಗೆ ವಿರ್ಟ್ಕಿ ಜೆಟ್ ತೆಗೆದುಕೊಂಡೆ ಅಂದಾಗ ಅಪ್ಪ ಕೇಳಿದ್ದು ಒಂದೇ, ‘ದಾವಣಗೆರೆಗೂ ಸಮುದ್ರಕ್ಕೂ ಎಲ್ಲಿಯ ನಂಟೋ?’

ಹಿಂದೂ ಮಹಾಸಾಗರದಲ್ಲಿ ಸಮಭಾಜಕ ವೃತ್ತದ ಗುಂಟ ವರ್ಷಕ್ಕೆ ಎರಡು ಸಲ ನೀರು ಪೂರ್ವಕ್ಕೆ ನುಗ್ಗುತ್ತದೆ. ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್–ನವೆಂಬರ್‌ನಲ್ಲಿ ಇನ್ನೊಮ್ಮೆ. ಮಾನ್ಸೂನ್ ಬದಲಾಗುವ ಹೊತ್ತಿನಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯೇ ಅದನ್ನು ತಳ್ಳುವುದು. ಸಮುದ್ರ ವಿಜ್ಞಾನಿ ಕ್ಲೌಸ್ ವಿರ್ಟ್ಕಿ 1973ರಲ್ಲಿ ಇದನ್ನು ವಿವರಿಸಿದರು, ವಿರ್ಟ್ಕಿ ಜೆಟ್ ಅನ್ನುವುದು ಇದಕ್ಕೇ. ಜೋರಿದ್ದಾಗ ವೇಗ ಸೆಕೆಂಡಿಗೆ 1 ಮೀಟರ್ ಹತ್ತಿರ. ನಾನು ನೋಡಿದ ಜಾಗ 80.5 ಡಿಗ್ರಿ ಪೂರ್ವ, ಶ್ರೀಲಂಕಾದ ಕೆಳಗೆ.

ಅಲ್ಲಿನ ಪ್ರವಾಹವನ್ನು ಮೂರು ಬೇರೆ ಬೇರೆ ಡೇಟಾದಲ್ಲಿ ಹೋಲಿಸಿ ನೋಡಿದೆ. ಮೊದಲು ಆಸ್ಕರ್. ಉಪಗ್ರಹ ಅಳೆದ ಸಮುದ್ರದ ಎತ್ತರ ಮತ್ತು ಗಾಳಿಯಿಂದ ಲೆಕ್ಕ ಹಾಕಿದ ಪ್ರವಾಹ ಇದು. ಹಳೆಯ ಆವೃತ್ತಿಯಲ್ಲಿ ಐದು ದಿನಕ್ಕೊಂದು ಲೆಕ್ಕ ಸಿಗುತ್ತದೆ, ಹಾಗಾಗಿ ಜೆಟ್ ಯಾವಾಗ ಶುರು, ಯಾವಾಗ ಮುಗೀತು ಅಂತ ಚೆನ್ನಾಗಿ ಕಾಣುತ್ತದೆ. 2019ರಲ್ಲಿ ಎರಡನೇ ಜೆಟ್ ಸೊರಗಿದ್ದೂ ಕಂಡಿತು. ಆದರೆ ಕೊಡುವುದು ಮೇಲಿನ 30 ಮೀಟರಿನ ಸರಾಸರಿ ಮಾತ್ರ.

ಆಮೇಲೆ ರಾಮಾ, ಅಂದರೆ ಹಿಂದೂ ಮಹಾಸಾಗರದಲ್ಲಿ ಲಂಗರು ಹಾಕಿ ನಿಲ್ಲಿಸಿದ ಅಳತೆಯ ತೇಲುಗಂಬಗಳ ಸಾಲು. ಅಲ್ಲಿನ ಎಡಿಸಿಪಿ ಅಂದರೆ ನೀರೊಳಗೆ ಶಬ್ದ ಬಿಟ್ಟು ವೇಗ ಅಳೆಯುವ ಯಂತ್ರ. ಇಲ್ಲೇ ನಾನು ಬಿದ್ದದ್ದು. ಮಾರ್ಚ್ ತಿಂಗಳ ಆಸ್ಕರ್ ನೀರು ಪಶ್ಚಿಮಕ್ಕೆ ಅನ್ನುತ್ತದೆ, ಇದು 100 ಮೀಟರಿನ ಹತ್ತಿರ ಪೂರ್ವಕ್ಕೆ ಅನ್ನುತ್ತದೆ! ಕೋಡಿನಲ್ಲಿ ಎಲ್ಲೋ ದಿಕ್ಕು ತೋರಿಸುವ ಮೈನಸ್ ತಪ್ಪಿದೆ ಅಂತ ಎರಡು ಸಂಜೆ, ನಡುವೆ ಕರೆಂಟ್ ಬೇರೆ ಹೋಗಿ, ಒಂದೊಂದೇ ಸಾಲು ಹುಡುಕಿದೆ. ಮೈನಸ್ ಸರಿಯಾಗೇ ಇತ್ತು. ಫೆಬ್ರವರಿಯಿಂದ ಏಪ್ರಿಲ್ ತನಕ ಅಡಿಯಲ್ಲಿ ಪೂರ್ವಕ್ಕೆ ಹರಿಯುವ ಬೇರೊಂದು ಪ್ರವಾಹ ಹುಟ್ಟುತ್ತದೆ. ಪೆಸಿಫಿಕ್‌ನಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಇರುವುದು ಇಲ್ಲಿ ಋತುವಿಗೆ ಬಂದು ಹೋಗುತ್ತದೆ. ನಮ್ಮ ಭದ್ರಾ ನಾಲೆಯ ನೀರು ಮೇಲೂ ಕೆಳಗೂ ಒಂದೇ ಕಡೆ ಹೋಗುತ್ತದಲ್ವಾ, ನನ್ನ ತಲೆಯಲ್ಲಿ ಅದೇ ಕೂತಿತ್ತು. ರಾಮಾದ ತೊಂದರೆ ಅಂದರೆ ಮೇಲಿನ 30–40 ಮೀಟರ್ ಸರಿಯಾಗಿ ಸಿಗುವುದಿಲ್ಲ, ನಡುನಡುವೆ ತಿಂಗಳುಗಟ್ಟಲೆ ಡೇಟಾವೇ ಇಲ್ಲ.

ಮೂರನೆಯದು ಒರಾಸ್-5. ಅಳತೆಗಳನ್ನು ಸೇರಿಸಿಕೊಂಡು ಓಡಿಸಿದ ಸಮುದ್ರದ ಕಂಪ್ಯೂಟರ್ ಮಾದರಿ, ಆಳಕ್ಕೆ 75 ಪದರ, ಡೇಟಾದಲ್ಲಿ ಎಲ್ಲೂ ತೂತಿಲ್ಲ. ಅಡಿಯ ಪ್ರವಾಹವನ್ನೂ ತೋರಿಸುತ್ತದೆ. ಆದರೆ ನಾನು ಇಳಿಸಿಕೊಂಡದ್ದು ತಿಂಗಳ ಸರಾಸರಿ, ಜೆಟ್‌ನ ತುದಿ ಮೊಂಡಾಗುತ್ತದೆ. ವೇಗ ಎಷ್ಟು ಅಂತ ಕೇಳಿದರೆ ನಾನು ಇದನ್ನು ನಂಬುವುದಿಲ್ಲ.

ರಾಮಾದ ತೂತಿಗೆ ಒರಾಸ್ ತುಂಬಿಬಿಡು, ಸುಮ್ನೆ ಯಾಕೆ ತಲೆನೋವು ಅಂದ ಗೆಳೆಯ. ತುಂಬಲಿಲ್ಲ. ನನ್ನ ಚಿತ್ರದಲ್ಲಿ ಆ ಬಿಳಿ ಪಟ್ಟಿಗಳು ಹಾಗೇ ಇವೆ.